ಟಪಾಲಿಗೆ ಮಾತ್ರ ಬಾಗಿಲು

ಜನವರಿ 9, ಗುರುವಾರ

ಇವತ್ತಿನಿಂದ ನನ್ನ ಮನೆಯಲ್ಲಿ ನನ್ನನ್ನೇ ನಿರ್ಬಂಧಿಸಲಾಗಿದೆ. ಹೀಗೆ ಸರ್ಕಾರಿ ಸುತ್ತೋಲೆಯ ಭಾಷೆಯಲ್ಲಿ ಬರೆದರೇ ಇದಕ್ಕೊಂದು ಗಾಂಭೀರ್ಯ. ನಿರ್ಬಂಧಿಸಿದವಳು ಮಗಳು ಶ್ರೀರಂಜಿನಿ, ಇಲ್ಲೇ ಶಿಕಾರಿಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಅನುಮೋದಿಸಿದವಳು ಹೆಂಡತಿ ನರ್ಮದಾ. ಗೌರೀಶಂಕರ ಮೇಷ್ಟ್ರ, ಅಂದರೆ ನನ್ನ, ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ನಡೆದದ್ದು ಇಷ್ಟು. ಸೋಮವಾರ ನರ್ಮದಾ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ನನ್ನನ್ನು ಕೂಗಿದಳಂತೆ. ನಾನು ಒಳಗೆ ನಮ್ಮ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ, ಗ್ರಹಣದ ದಿನ ಒನಕೆ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ ಎಂದವನೊಬ್ಬನಿಗೆ ಗುರುತ್ವಕೇಂದ್ರ ಎಂದರೇನೆಂದು ತಿಳಿಸಿ ಹೇಳುತ್ತಿದ್ದೆ. ಕೇಳಿಸಲಿಲ್ಲ. ಪಕ್ಕದ ಮನೆಯ ಬಂಗಾರಮ್ಮ ಬಂದು ಎತ್ತಿದರಂತೆ. ಮಣಿಕಟ್ಟು ಊದಿದೆ, ಮೂಳೆ ಮುರಿದಿಲ್ಲ. ಮುರಿದಿಲ್ಲವಲ್ಲ ಎಂದು ನಾನು ಸಮಾಧಾನ ಹೇಳಿದ್ದೇ ತಪ್ಪಾಯಿತು.

ಶ್ರೀರಂಜಿನಿ ವಿವರಿಸಿದ ಪ್ರಕಾರ, ಮನೆಯ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಬೇಕಾದಷ್ಟು ಬಾಗಿಲುಗಳಿವೆ, ಒಂದೊಂದಕ್ಕೂ ಒಂದು ನಂಬರು. ಎಲ್ಲವನ್ನೂ ಮುಚ್ಚಿ ಇಮೇಲ್ ಓಡಾಡುವ ಬಾಗಿಲನ್ನು ಮಾತ್ರ ತೆರೆದಿಡುತ್ತಾಳೆ. ಇದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ಬೆಂಕಿ ಯಾರು ಎಂದು ನಾನು ಕೇಳಲಿಲ್ಲ. ನನ್ನ ಫೋನನ್ನೂ ಕಸಿದುಕೊಂಡು ಗುಂಡಿ ಒತ್ತುವ ಹಳೆಯದೊಂದನ್ನು ಕೊಟ್ಟಿದ್ದಾಳೆ.

ಮೇಲ್ ಉಳಿಸಿದ್ದು ನನ್ನ ಮೇಲಿನ ಕರುಣೆಯಿಂದಲ್ಲ. ನಮ್ಮ ಶಾಲೆಗೆ ಮೂವತ್ತೈದು ವರ್ಷ ತುಂಬುತ್ತಿದೆ, ಸ್ಮರಣ ಸಂಚಿಕೆಗೆ ನಾನು ಸಂಪಾದಕ, ಲೇಖನಗಳೆಲ್ಲ ಅದರಲ್ಲೇ ಬರುತ್ತವೆ. ಸಂಚಿಕೆ ಹೊರಬರುವ ದಿನ ಗೋಡೆ ಬೀಳುತ್ತದೆಂದು ಕರಾರು.

ಜನವರಿ 10, ಶುಕ್ರವಾರ

ಇಮೇಲೂ ಬರಲಿಲ್ಲ.

ಸಂಜೆ ಶ್ರೀರಂಜಿನಿ ಕಾಲೇಜಿನಿಂದ ಬಂದು ಪೆಟ್ಟಿಗೆಯ ಮುಂದೆ ಕೂತು ಬಹಳ ಹೊತ್ತು ಕುಟ್ಟಿದಳು. ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಬಾಗಿಲೊಂದಿದೆಯಂತೆ, ಅದನ್ನೂ ಮುಚ್ಚಿಬಿಟ್ಟಿದ್ದಳು. ಅಂಚೆಯವನನ್ನು ಬೀದಿಗೆ ಬಿಟ್ಟು, ಯಾರ ಮನೆ ಎಲ್ಲಿದೆ ಎಂದು ಹೇಳುವವನನ್ನು ಕೂಡಿಹಾಕಿದ ಹಾಗೆ. ಜೊತೆಗೆ ನಾನು ಮೇಲ್ ಓದುತ್ತಿದ್ದದ್ದೂ ವೆಬ್ ಪುಟದ ಮೂಲಕವಂತೆ. ಪುಟ ಮುಚ್ಚಿದ ಮೇಲೆ ಮೇಲ್ ಎಲ್ಲಿಂದ ಬರಬೇಕು? ಹಳೆಯ ಕಾಲದ ಮೇಲ್ ತಂತ್ರಾಂಶವೊಂದನ್ನು ಹಾಕಿಕೊಟ್ಟಳು. ಎಂಎಸ್ಸಿ ಮಾಡಿದವಳು ತಡವರಿಸುವುದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು.

ರಾತ್ರಿಯ ಅಡಿಗೆ ನಾನೇ ಮಾಡಬೇಕಾಯಿತು. ಸಾರಿಗೆ ಉಪ್ಪು ಹಾಕಲು ಮರೆತಿದ್ದೆ. ನರ್ಮದಾ ಎಡಗೈಯಲ್ಲಿ ಕಲಸಿಕೊಂಡು, ಉಪ್ಪಿನಕಾಯಿ ನೆಂಚಿಕೊಂಡು ಉಂಡಳು.

ಜನವರಿ 12, ಭಾನುವಾರ

ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಈ ಹೊತ್ತಿಗೆ ಯಾರು ಯಾವ ಸುಳ್ಳು ಹರಡುತ್ತಿದ್ದಾರೋ, ಯಾರೂ ತಿದ್ದುತ್ತಿಲ್ಲವಲ್ಲ ಎಂದು ಕಸಿವಿಸಿ.

ಮುಖ್ಯೋಪಾಧ್ಯಾಯ ಶ್ರೀಕಾಂತ ಫೋನ್ ಮಾಡಿದ್ದರು. ಸಂಚಿಕೆಯ ಮುಖಪುಟಕ್ಕೆ ಆನಂದಪ್ಪ ಮೇಷ್ಟ್ರ ಚಿತ್ರವೇ ಬೇಕೆಂದು ಸಮಿತಿ ತೀರ್ಮಾನಿಸಿದೆಯಂತೆ. ಸಂಪಾದಕರಾಗಿ ನೀವೇ ಕೇಳಬೇಕು ಸರ್ ಎಂದರು. ಅವರಿಗೆ ಎಲ್ಲ ಗೊತ್ತಿದೆ. ಗೊತ್ತಿದ್ದೇ ನನ್ನ ಕೊರಳಿಗೆ ಕಟ್ಟಿದ್ದಾರೆ.

ಆನಂದಪ್ಪ ನಮ್ಮ ಡ್ರಾಯಿಂಗ್ ಮೇಷ್ಟ್ರು, ಸೊರಬದವರು. ನಾನು ವಿಜ್ಞಾನ. ಇಬ್ಬರೂ ಶಾಲೆ ಶುರುವಾದ ವರ್ಷವೇ ಸೇರಿದವರು. ನಾನು ಈ ಕಡೆಯಿಂದ, ಅವರು ಆ ಕಡೆಯಿಂದ ಬಸ್ಸಿನಲ್ಲಿ ಬಂದು ಶಿರಾಳಕೊಪ್ಪದ ಸ್ಟ್ಯಾಂಡಿನಲ್ಲಿ ಕೂಡಿಕೊಂಡು, ಅಲ್ಲಿಂದ ಶಾಲೆಯ ಹಳ್ಳಿಗೆ ಒಟ್ಟಿಗೆ ಹೋಗುತ್ತಿದ್ದೆವು. ನಿವೃತ್ತಿಯಾಗುವವರೆಗೂ ಮಧ್ಯಾಹ್ನದ ಬುತ್ತಿಯನ್ನು ಒಂದೇ ಬೆಂಚಿನಲ್ಲಿ ಬಿಚ್ಚಿದವರು. ಅಂಥ ಮನುಷ್ಯ ದೀಪಾವಳಿಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಕಾರಣ ನಾನಲ್ಲ, ಹುಣಸೆ ಚಿಗುರು. ಹುಣಸೆ ಚಿಗುರಿನ ರಸವನ್ನು ಖಾಲಿ ಹೊಟ್ಟೆಯಲ್ಲಿ ಕುಡಿದರೆ ನರಗಳ ನಡುಕ ತಿಂಗಳಲ್ಲಿ ಮಾಯವಾಗುತ್ತದೆಂಬ ಮೆಸೇಜೊಂದನ್ನು ಅವರು ಗ್ರೂಪಿಗೆ ಹಾಕಿದ್ದರು. ಕೆಳಗೆ, ಯಾರಾದರೂ ಕುಡಿದು ನೋಡಿದವರಿದ್ದೀರಾ ಎಂಬ ಪ್ರಶ್ನೆ ಬೇರೆ. ನಾನು ಬರೆದೆ: ಡ್ರಾಯಿಂಗ್ ಮೇಷ್ಟ್ರು ಬಣ್ಣದ ಅಂಗಡಿ ಮುಚ್ಚಿ ಔಷಧದ ಅಂಗಡಿ ತೆರೆದ ಹಾಗಿದೆ, ಹುಣಸೆ ಚಿಗುರು ಚಟ್ನಿಗೆ ಲಾಯಕ್ಕು, ನರಕ್ಕಲ್ಲ. ಹಳೆಯ ಹುಡುಗರು ಸಾಲುಸಾಲಾಗಿ ನಗುವ ಮುಖ ಒತ್ತಿದರು. ಆನಂದಪ್ಪ ಅಂದೇ ಗ್ರೂಪ್ ಬಿಟ್ಟರು. ಒಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ನಾನು ಬರೆದದ್ದರಲ್ಲಿ ಒಂದು ಅಕ್ಷರ ತಪ್ಪಿದ್ದರೆ ತೋರಿಸಲಿ. ವಿಜ್ಞಾನದ ಮೇಷ್ಟ್ರು ಸುಳ್ಳಿಗೆ ತಲೆದೂಗಬೇಕೇನು?

ಜನವರಿ 15, ಬುಧವಾರ

ನಿನ್ನೆ ಸಂಕ್ರಾಂತಿ. ಬಂಗಾರಮ್ಮ ಎಳ್ಳು ಬೀರಲು ಬಂದವರು ನರ್ಮದಾಳ ಕೈ ನೋಡಿ, ನನ್ನ ಕಡೆ ತಿರುಗಿ ನೋಡಿ ಹೋದರು.

ಆನಂದಪ್ಪನವರಿಗೆ ಮೇಲ್ ಕಳಿಸಿದೆ. ಮಾನ್ಯರೇ ಎಂದು ಶುರುಮಾಡಿ, ಇಂತಿ ಸಂಪಾದಕ ಎಂದು ಮುಗಿಸಿದೆ. ನಡುವೆ ಚಿತ್ರದ ಅಳತೆ ಮತ್ತು ಕೊನೆಯ ದಿನಾಂಕ. ನರ್ಮದಾ ಓದಿ, ಇದಕ್ಕಿಂತ ಕೋರ್ಟಿನ ನೋಟೀಸು ಚೆನ್ನಾಗಿರುತ್ತದೆ ಎಂದಳು.

ಜನವರಿ 20, ಸೋಮವಾರ

ಉತ್ತರ ಬಂದಿದೆ. "ಮೇಷ್ಟ್ರೇ, ಚಿತ್ರ ಈ ಕೆಳಗಿನ ಲಿಂಕಿನಲ್ಲಿದೆ. ನೋಡಿ." ಅದರ ಕೆಳಗೆ ಒಂದು ನೀಲಿ ಸಾಲು. ಮಾನ್ಯರೇ ಅಲ್ಲ, ಮೇಷ್ಟ್ರೇ ಎಂದಿದ್ದಾರೆ, ಗಮನಿಸಿದೆ.

ನೀಲಿ ಸಾಲನ್ನು ಒತ್ತಿದೆ. ಚಕ್ರ ತಿರುಗಿ ತಿರುಗಿ, ಪುಟ ತಲುಪಲಾಗುತ್ತಿಲ್ಲ ಎಂದಿತು. ಗೋಡೆ! ಮೇಲ್ ಬರುತ್ತದೆ, ಮೇಲ್ ತೋರಿಸುವ ಜಾಗಕ್ಕೆ ಹೋಗಲಾಗದು. ಈಗಿನವರ ಮೇಲುಗಳೆಲ್ಲ ಹೀಗೇ, ಬಾಗಿಲು ತಟ್ಟಿ ಅಲ್ಲಿಗೆ ಬಾ ಎಂದು ಹೇಳಿ ಓಡಿಹೋಗುತ್ತವೆ. ವಿಷಯ ಒಳಗಿರುವುದೇ ಇಲ್ಲ. ಬ್ಯಾಂಕಿನದೂ ಹಾಗೇ, ವಿದ್ಯುತ್ ಬಿಲ್ಲಿನದೂ ಹಾಗೇ.

ಶ್ರೀರಂಜಿನಿಯ ಫೋನಿನಲ್ಲಿ ತೆರೆಸಿ ಎಂದಳು ನರ್ಮದಾ. ಗೋಡೆ ಕಟ್ಟಿದವಳ ಹತ್ತಿರವೇ ಹೋಗಿ ಕಿಟಕಿ ಕೊಡು ಎಂದು ಬೇಡಲೇ? ಅದು ಆಗದ ಮಾತು. ಆನಂದಪ್ಪನವರಿಗೇ ಬರೆದೆ: ಮನೆಯಲ್ಲಿ ತಾಂತ್ರಿಕ ಅಡಚಣೆ ಇದೆ, ಲಿಂಕ್ ತೆರೆಯುತ್ತಿಲ್ಲ, ಚಿತ್ರದಲ್ಲಿ ಏನೇನಿದೆ ಎಂದು ಬರೆದು ತಿಳಿಸಿದರೆ ಸಂಪಾದಕೀಯದಲ್ಲಿ ಎರಡು ಸಾಲು ಸೇರಿಸಬಹುದು.

ಜನವರಿ 24, ಶುಕ್ರವಾರ

ಬಂತು. "ಒಂದು ಕಣ. ಒಂದು ಗಾಡಿ, ಎತ್ತು ಬಿಚ್ಚಿದ್ದು. ಗಾಡಿಗೆ ಒರಗಿಸಿದ ಕರಿಹಲಗೆ. ಮುಂದೆ ಹುಡುಗರು."

ಅಷ್ಟೇ. ಅದರಲ್ಲೂ ಅಕ್ಷರಗಳು ಎರಡೆರಡು ಸಲ ಬಿದ್ದಿವೆ, ಒಂದು ಕಡೆ ನಾಲ್ಕು ಸಲ. ಕಳಿಸುವ ಮೊದಲು ಒಮ್ಮೆ ಓದಬಾರದೇ? ಎಂಟನೇ ಕ್ಲಾಸಿನ ಹುಡುಗನಾಗಿದ್ದರೆ ಕಿವಿ ಹಿಂಡುತ್ತಿದ್ದೆ.

ಆದರೂ ನಾಲ್ಕು ಸಾಲು ಓದಿ ಸುಮ್ಮನೆ ಕೂರಲು ಆಗಲಿಲ್ಲ. ಹುಡುಗರು ಎಷ್ಟು ಜನ, ಬಿಸಿಲು ಯಾವ ಕಡೆಯಿಂದ, ನೆರಳು ಎಷ್ಟು ಉದ್ದ ಎಂದು ಕೇಳಿ ಬರೆದಿದ್ದೇನೆ. ಸಂಪಾದಕನಿಗೆ ನಿಖರತೆ ಬೇಕು.

ಜನವರಿ 27, ಸೋಮವಾರ

ನರ್ಮದಾಳ ಕೈಗೆ ಎಣ್ಣೆ ಕಾಯಿಸಿ ಹಚ್ಚುವ ಕೆಲಸ ನನ್ನದಾಗಿದೆ. ಹೆಚ್ಚು ಒತ್ತಿದರೆ ಕೂಗುತ್ತಾಳೆ. ಎಷ್ಟು ಒತ್ತಬೇಕೆಂದು ಈಗ ಅಂದಾಜು ಸಿಕ್ಕಿದೆ. ಹಿತ್ತಿಲ ಕಲ್ಲಿನ ಪಾಚಿ ಉಜ್ಜಿ ತೆಗೆದೆ.

ಮೇಲ್ ಇಲ್ಲ.

ಜನವರಿ 30, ಗುರುವಾರ

ಬೆಳಿಗ್ಗೆಯಿಂದ ಎಷ್ಟು ಸಲ ನೋಡಿದೆನೋ. ಮಧ್ಯಾಹ್ನ ಬಂತು, ಈ ಸಲ ಉದ್ದವಾಗಿದೆ.

"ಮೇಷ್ಟ್ರೇ, ಬೆಳಗಿನ ಬಿಸಿಲು. ನೆರಳು ಹುಡುಗರಿಗಿಂತ ಉದ್ದ. ಎಣಿಸಿಲ್ಲ, ಮೊದಲ ವರ್ಷ ಇದ್ದಷ್ಟೇ ಹುಡುಗರು. ಕೆಂಪಪ್ಪನ ಕಣ ಅದು, ನಿಮಗೆ ನೆನಪಿರಬೇಕು. ಹಲಗೆಯ ಮುಂದೆ ಮೇಷ್ಟ್ರೊಬ್ಬರು ನಿಂತಿದ್ದಾರೆ. ಸಪೂರ. ಅಂಗಿ ಇಸ್ತ್ರಿ ಮಾಡಿದ್ದು. ಕೈಯಲ್ಲಿ ಗಾಜಿನ ಲೋಟ, ಅದರಲ್ಲಿ ದಾಸವಾಳದ ರಸ. ಲಿಂಬೆ ಹಿಂಡಿದ್ದಾರೆ, ಬಣ್ಣ ಈಗಷ್ಟೇ ಕೆಂಪಾಗಿದೆ. ಹುಡುಗರ ಬಾಯಿ ತೆರೆದಿದೆ. ಮೇಷ್ಟ್ರೂ ಬಾಯಿ ತೆರೆದಿದ್ದಾರೆ."

ಅದು ನಾನು. ಶಾಲೆಗೆ ಕಟ್ಟಡ ಇಲ್ಲದ ಮೊದಲ ವರ್ಷ ಹಳ್ಳಿಯ ರೈತ ಕೆಂಪಪ್ಪನವರ ಒಕ್ಕಣೆ ಕಣದಲ್ಲಿ ಪಾಠ ಮಾಡಿದೆವು. ಪ್ರಯೋಗಾಲಯ ಎಂದರೆ ನನ್ನ ಚೀಲ. ದಾಸವಾಳದ ರಸಕ್ಕೆ ಹುಳಿ ಬಿದ್ದರೆ ಕೆಂಪು, ಸೋಡಾ ಬಿದ್ದರೆ ಹಸಿರು. ಅಂಗಡಿಯ ಲಿಟ್ಮಸ್ ಕಾಗದ ಇಲ್ಲದಿದ್ದರೇನು ಎಂದು ನಾನೇ ಕಂಡುಕೊಂಡ ಉಪಾಯ. ಅದನ್ನು ಆನಂದಪ್ಪ ಇಷ್ಟು ವರ್ಷ ನೆನಪಿಟ್ಟಿದ್ದಾರೆ. ಬಾಯಿ ತೆರೆದಿದ್ದೆ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನರ್ಮದಾಳಿಗೆ ಓದಿ ಹೇಳಿದೆ. ಇಸ್ತ್ರಿ ಯಾರು ಮಾಡಿದ್ದು ಎಂದು ಕೇಳಿದಳು.

ಫೆಬ್ರವರಿ 2, ಭಾನುವಾರ

ಗ್ರಾಫ್ ಹಾಳೆಯ ಮೇಲೆ ಆ ಚಿತ್ರವನ್ನು ಬರೆದು ನೋಡಿದೆ, ಅಂದಾಜಿಗೆ. ಗಾಡಿಯ ಚಕ್ರಕ್ಕೆ ಕೈವಾರ ಬಳಸಿದೆ. ಇದು ಎತ್ತಿನ ಗಾಡಿಯೋ ಇಡ್ಲಿ ಪಾತ್ರೆಯೋ ಎಂದು ಶ್ರೀರಂಜಿನಿ ನಕ್ಕಳು. ಮನೆಯಲ್ಲಿ ಬಹಳ ದಿನದಿಂದ ಯಾರೂ ಹೀಗೆ ನಕ್ಕಿರಲಿಲ್ಲ. ನಾನು ಕೋಪ ಮಾಡಿಕೊಳ್ಳಲು ಹೊರಟವನು ಎರಡನೆಯ ಚಕ್ರಕ್ಕೂ ಕೈವಾರ ಇಟ್ಟೆ.

ಬರೆಯುವಾಗ ಒಂದು ದೋಷ ಕಣ್ಣಿಗೆ ಬಿತ್ತು. ಎತ್ತು ಬಿಚ್ಚಿದ ಗಾಡಿಯ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ನೆಲಕ್ಕೆ ತಾಗಿರುತ್ತದೆ. ಅಂದರೆ ಗಾಡಿ ಓರೆ. ಓರೆಯಾದ ಗಾಡಿಗೆ ಒರಗಿಸಿದ ಹಲಗೆ ಸೀಮೆಸುಣ್ಣ ತಾಗಿದ ಕೂಡಲೇ ಜಾರಿ ಬೀಳಬೇಕು. ಆಧಾರವೇ ಇಲ್ಲ. ಕಲಾವಿದರು ಇದನ್ನೆಲ್ಲ ನೋಡುವುದಿಲ್ಲ. ತಿದ್ದಬೇಕೆಂದು ಬರೆದು ಕಳಿಸಿದೆ. ಆದರೆ ಮೇಲ್ ಅವರೊಬ್ಬರಿಗೇ ಹೋಗುತ್ತದಲ್ಲ, ಬೇರೆ ಯಾರೂ ಓದುವುದಿಲ್ಲವಲ್ಲ, ಆದ್ದರಿಂದ ಕೊಂಕು ನುಡಿಯಲು ಹುರುಪು ಬರಲಿಲ್ಲ. ನೇರವಾಗಿ ಬರೆದೆ. ಕೊನೆಗೆ, ಚಿತ್ರ ಚೆನ್ನಾಗಿದೆ ಅನ್ನಿಸುತ್ತದೆ ಎಂದೂ ಸೇರಿಸಿದೆ.

ಫೆಬ್ರವರಿ 6, ಗುರುವಾರ

"ಬೀಳುವುದಿಲ್ಲ ಮೇಷ್ಟ್ರೇ. ಹಲಗೆಯ ಹಿಂದೆ ಒಬ್ಬ ಹಿಡಿದುಕೊಂಡು ನಿಂತಿದ್ದಾನೆ. ಮುಖ ಕಾಣುವುದಿಲ್ಲ. ಎರಡೂ ಅಂಚಿನಲ್ಲಿ ಬೆರಳು ಮಾತ್ರ."

ಇಷ್ಟೇ ಬರೆದಿದ್ದಾರೆ.

ನನಗೆ ನೆನಪಿದೆ. ಅಲ್ಲ, ಈಗ ನೆನಪಾಯಿತು. ಹಲಗೆ ನಿಲ್ಲುತ್ತಿರಲಿಲ್ಲ. ಮೊಳೆ ಹೊಡೆಯಲು ಗೋಡೆ ಇರಲಿಲ್ಲ. ನನ್ನ ಪಾಠದ ಹೊತ್ತಿನಲ್ಲಿ ಆನಂದಪ್ಪನವರಿಗೆ ಬಿಡುವು. ಅವರು ಹಿಂದೆ ನಿಂತು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ನಾನು ಜೋರಾಗಿ ಒತ್ತಿ ಬರೆಯುವವನು. ಹಲಗೆಯ ಹಿಂದಿನಿಂದ ಒಂದು ಧ್ವನಿ: "ಮೆಲ್ಲಗೆ ಬರೀರಿ ಮೇಷ್ಟ್ರೆ, ನನ್ನ ಎದಿ ಮೇಲೆ ಬರದಂಗೆ ಆಗ್ತದೆ." ಹುಡುಗರು ನಗುತ್ತಿದ್ದರು. ಹಲಗೆ ಮಾತ್ರ ಅಲುಗುತ್ತಿರಲಿಲ್ಲ. ಅಷ್ಟು ದಿನವೂ ಅದು ತಾನಾಗಿಯೇ ನಿಂತಿತ್ತೆಂಬಂತೆ ನಾನು ಪಾಠ ಮಾಡಿದ್ದೆ.

ಉತ್ತರ ಬರೆಯಲು ಕೂತೆ. ದೋಷವಿಲ್ಲ, ನನ್ನದೇ ತಪ್ಪು ಲೆಕ್ಕ ಎಂದು ಬರೆದೆ.

ಫೆಬ್ರವರಿ 12, ಬುಧವಾರ

ಶ್ರೀಕಾಂತ ಎರಡು ಸಲ ಫೋನ್ ಮಾಡಿದರು. ಪ್ರೆಸ್ಸಿನವರು ಮುಖಪುಟಕ್ಕೆ ಕಾಯುತ್ತಿದ್ದಾರೆ. ಚಿತ್ರ ಬಂದಿದೆ ತಾನೇ ಎಂದರು. ಬಂದಿದೆ ಎಂದೆ. ಬಂದಿರುವುದು ನನಗೆ ಮಾತ್ರ, ಕಾಗದಕ್ಕಲ್ಲ.

ಕೊನೆಗೆ ನಾನು ಕೇಳದೆಯೇ ಶ್ರೀರಂಜಿನಿ ತನ್ನ ಫೋನಿನಲ್ಲಿ ಆ ಲಿಂಕ್ ತೆರೆಯಲು ನೋಡಿದಳು. ಬೀಗ ಹಾಕಿದ್ದಾರಂತೆ, ಇಟ್ಟವರು ಅನುಮತಿ ಕೊಟ್ಟರೆ ಮಾತ್ರ ಕಾಣುತ್ತದಂತೆ. ಅನುಮತಿ ಕೊಡಿ ಎಂದು ಆನಂದಪ್ಪನವರಿಗೆ ಬರೆದೆ.

ಫೆಬ್ರವರಿ 15, ಶನಿವಾರ

ಉತ್ತರವಿಲ್ಲ. ನಿನ್ನೆಯೂ ಇಲ್ಲ. ಬೀಗ ಹಾಗೇ ಇದೆ.

ಮತ್ತೆ ಕೋಪ ಬಂದಿದೆಯೇ? ಹಲಗೆಯ ಮಾತೆತ್ತಿ ತಪ್ಪು ಮಾಡಿದೆನೇ? ಸಂಚಿಕೆಗೆ ಬೇರೆ ಯಾರ ಚಿತ್ರವನ್ನಾದರೂ ಹಾಕಬಹುದು, ಅದಲ್ಲ. ನಾಳೆ ಸೊರಬಕ್ಕೆ ಹೋಗುತ್ತೇನೆ ಎಂದೆ. ನರ್ಮದಾ ಎದ್ದು ಹೋಗಿ ನನ್ನ ಅಂಗಿಯನ್ನು ಒಂದೇ ಕೈಯಲ್ಲಿ ಇಸ್ತ್ರಿ ಮಾಡತೊಡಗಿದಳು. ಕಸಿದುಕೊಂಡು ನಾನೇ ಮಾಡಿದೆ.

ಫೆಬ್ರವರಿ 16, ಭಾನುವಾರ

ಬೆಳಗಿನ ಬಸ್ಸಿಗೆ ಹೊರಟೆ. ಶಿರಾಳಕೊಪ್ಪದಲ್ಲಿ ಬಸ್ ನಿಂತಾಗ ಅಭ್ಯಾಸಬಲದಿಂದ ಇಳಿಯಲು ಎದ್ದೆ. ಕಂಡಕ್ಟರು ಸೊರಬ ಇನ್ನೂ ಮುಂದೆ ಎಂದು ಕೂರಿಸಿದ.

ಬಾಗಿಲು ತೆಗೆದದ್ದು ದುರ್ಗಮ್ಮ, ಆನಂದಪ್ಪನವರ ಹೆಂಡತಿ. "ಬಂದ್ರಾ ಮೇಷ್ಟ್ರೆ. ಈಗ್ಲಾದ್ರೂ ಬಂದ್ರಲ್ಲ," ಎಂದರು. ಒಳಗೆ ಕಿಟಕಿಯ ಹತ್ತಿರ ಆನಂದಪ್ಪ ಕೂತಿದ್ದರು, ಮಡಿಲಲ್ಲಿ ಟವೆಲ್ಲು, ಕೈ ಎರಡೂ ಅದರ ಕೆಳಗೆ. ನನ್ನನ್ನು ನೋಡಿ ನಕ್ಕರು. ಏಳಲಿಲ್ಲ, ಕೈ ಮುಗಿಯಲಿಲ್ಲ. ಇನ್ನೂ ಸಿಟ್ಟು ಎಂದುಕೊಂಡೆ.

ದುರ್ಗಮ್ಮ ಕಾಫಿ ತಂದರು. ನನಗೆ ತುಂಬಿದ ಲೋಟ, ಅವರಿಗೆ ಅರ್ಧ. ಆನಂದಪ್ಪ ಟವೆಲ್ಲಿನ ಕೆಳಗಿನಿಂದ ಕೈ ತೆಗೆದರು. ಎರಡೂ ಕೈಯಲ್ಲಿ ಹಿಡಿದರೂ ಲೋಟ ತುಟಿಗೆ ಹೋಗುವಷ್ಟರಲ್ಲಿ ಅಂಗಿಯ ಮೇಲೆಲ್ಲ ಚೆಲ್ಲಿತು. ಕೈ ನಡುಗುತ್ತಿತ್ತು. ಎಡಗೈ ಸ್ವಲ್ಪ, ಬಲಗೈ ಬಹಳ. ಚಿತ್ರ ಬರೆಯುವ ಕೈ ಅದು.

ನಾನು ಕೇಳಬಾರದ್ದನ್ನೇ ಕೇಳಿದೆ. "ಚಿತ್ರ ಎಲ್ಲಿ ಮೇಷ್ಟ್ರೆ?"

"ಚಿತ್ರ ಇಲ್ಲ," ಎಂದರು. "ಲಿಂಕಿನಾಗೆ ಮೊಮ್ಮಗಳ ಫೋಟೊ ಐತೆ. ನೀವು ಗೋಡೆ ಹಿಂದೆ ಕೂತೀರಿ, ಮೇಲ್ ಬಿಟ್ರೆ ಏನೂ ಬರಲ್ಲ ಅಂತ ನರ್ಮದಮ್ಮ ಇವಳಿಗೆ ಹೇಳಿದ್ರು. ಲಿಂಕ್ ಕಳ್ಸಿದ್ರೆ ತೆಗಿಯಾಕಾಗಲ್ಲ, ಅಷ್ಟರಾಗೆ ಕೈ ನಡುಕ ನಿಂತ್ರೆ ಬರದು ಕೊಡಾನ ಅಂತಿದ್ದೆ. ನೀವು ಏನೈತೆ ಬರದು ಕಳ್ಸಿ ಅಂದ್ರಿ. ಬರೆಯಾಕೆ ಕೂತ್ರೆ ಎಲ್ಲ ಕಾಣಾಕೆ ಹತ್ತಿತು ನೋಡಿ. ಕೈಯಾಗೆ ಬರ್ದಂಗೇ ಆತು."

ಮೂಲೆಯಲ್ಲಿ ಡ್ರಾಯಿಂಗ್ ಬೋರ್ಡಿತ್ತು. ಅದಕ್ಕೆ ಸಿಕ್ಕಿಸಿದ ಹಾಳೆಯ ಮೇಲೆ ಒಂದೇ ಒಂದು ಚೌಕ, ಹಲಗೆಯದ್ದಿರಬೇಕು. ನಾಲ್ಕೂ ಗೆರೆ ಇರುವೆ ನಡೆದ ಹಾಗೆ ಅಂಕುಡೊಂಕು. ಅಳಿಸಿ ಅಳಿಸಿ ಹಾಳೆ ತೂತಾಗಿತ್ತು. ಅವರ ಮೇಲ್‌ಗಳಲ್ಲಿ ಎರಡೆರಡು ಸಲ ಬಿದ್ದ ಅಕ್ಷರಗಳು ನೆನಪಾದವು. ಹುಣಸೆ ಚಿಗುರಿನ ಮೆಸೇಜು ನೆನಪಾಯಿತು. ಕುಡಿದು ನೋಡಿದವರಿದ್ದೀರಾ ಎಂದು ಅವರು ಊರಿಗೆ ಉಪದೇಶ ಮಾಡಲು ಕೇಳಿದ್ದಲ್ಲ. ತಮಗಾಗಿ ಕೇಳಿದ್ದು. ಅದೂ ನಾನಿರುವ ಗ್ರೂಪಿನಲ್ಲಿ.

ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. "ನೀವು ಬರ್ದಿದ್ದು ಸರಿನೇ ಇತ್ತು ಮೇಷ್ಟ್ರೆ," ಎಂದರು. "ಆ ರಸ ಕುಡ್ದೆ. ಏನೂ ಆಗ್ಲಿಲ್ಲ."

ನೀನು ಸರಿ ಎಂದು ಯಾರಾದರೂ ಹೇಳಿದಾಗ ನನಗೆ ಅಳು ಬಂದದ್ದು ಇದೇ ಮೊದಲು. ಅವರ ಮುಂದೆಯೇ ಅತ್ತೆ. ದುರ್ಗಮ್ಮ ಒಳಗೆ ಹೋದರು. ಶಿವಮೊಗ್ಗದ ಡಾಕ್ಟರು ಮಾತ್ರೆ ಕೊಟ್ಟಿದ್ದಾರಂತೆ, ಕಡಿಮೆಯಾಗುತ್ತದೆ, ಪೂರಾ ಹೋಗುವುದಿಲ್ಲ ಎಂದಿದ್ದಾರಂತೆ.

ಊಟವಾದ ಮೇಲೆ ಹೊಸ ಹಾಳೆ ಸಿಕ್ಕಿಸಿ, ನೀವು ಹೇಳಿ, ನಾನು ಬರೆಯುತ್ತೇನೆ ಎಂದೆ. ಅವರು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮಾತ್ರ ನನ್ನನ್ನು ಎಂಟನೇ ಕ್ಲಾಸಿನವನಿಗಿಂತ ಕಡೆಯಾಗಿ ನಡೆಸಿಕೊಂಡರು. ಸ್ಕೇಲು ಕಿತ್ತುಕೊಂಡರು. ಮೆಲ್ಲಗೆ ಒತ್ತಿ ಎಂದು ಎಷ್ಟು ಸಲ ಹೇಳಿದರೋ. ನನ್ನ ಬಾಯಿಯನ್ನು ತೆರೆದೇ ಬರೆಸಿದರು. ಗಾಡಿ ಮತ್ತೆ ಇಡ್ಲಿ ಪಾತ್ರೆಯೇ ಆಯಿತು. ಎಲ್ಲ ಮುಗಿದ ಮೇಲೆ, ಹಲಗೆಯ ಅಂಚಿನ ಬೆರಳು ಮಾತ್ರ ತಾವೇ ಬರೆಯುವುದಾಗಿ ಹೇಳಿದರು. ಅವರು ಒತ್ತಿದಾಗ ಬೋರ್ಡು ಜರುಗುತ್ತಿತ್ತು. ನಾನು ಎರಡೂ ಕಡೆ ಹಿಡಿದುಕೊಂಡೆ. ಸಂಜೆಯ ಬಸ್ಸು ತಪ್ಪಿಹೋಯಿತು, ಅದರ ನಂತರದ್ದಕ್ಕೆ ಬಂದೆ.

ಫೆಬ್ರವರಿ 17, ಸೋಮವಾರ

ಬೆಳಿಗ್ಗೆ ಎಣ್ಣೆ ಹಚ್ಚುವಾಗ ನರ್ಮದಾಳನ್ನು ಕೇಳಿದೆ, ನಿನಗೆ ಮೊದಲೇ ಗೊತ್ತಿತ್ತೇ ಎಂದು.

"ದೀಪಾವಳಿಯಿಂದ್ಲೇ ಗೊತ್ತಿತ್ತು. ದುರ್ಗಮ್ಮ ಹೇಳ್ಬೇಡಿ ಅಂದಿದ್ರು," ಎಂದಳು. ಎಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸಿ, "ನೀವು ಕೇಳಿದ್ರೆ ಹೇಳ್ತಿದ್ದೆ ಕಣ್ರೀ. ನೀವು ಯಾವತ್ತೂ ಕೇಳ್ಲಿಲ್ಲ."

ಇನ್ನೊಂದು ಕೈಗೂ ಎಣ್ಣೆ ಹಚ್ಚಿದೆ. ಅದಕ್ಕೇನಾಗಿದೆ ಎಂದು ನಕ್ಕಳು.

ಫೆಬ್ರವರಿ 21, ಶುಕ್ರವಾರ

ಚಿತ್ರವನ್ನು ಶ್ರೀಕಾಂತ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, ಸರ್, ಇದು ಮಕ್ಕಳು ಬರೆದ ಹಾಗಿದೆಯಲ್ಲ ಎಂದರು. ಹೌದು, ನಾನೇ ಬರೆದದ್ದು ಎಂದೆ. ಮುಖಪುಟಕ್ಕೆ ಅದೇ ಹೋಗಬೇಕು, ಹಿಂದಿನ ಪುಟದಲ್ಲಿ ಆನಂದಪ್ಪನವರ ಮೇಲುಗಳು ಒಂದು ಮಾತೂ ಬದಲಾಗದೆ ಹೋಗಬೇಕು ಎಂದೆ. ಎರಡೆರಡು ಸಲ ಬಿದ್ದ ಅಕ್ಷರ ತಿದ್ದಲೇ ಎಂದು ಆನಂದಪ್ಪನವರಿಗೆ ಬರೆದು ಕೇಳಿದ್ದೆ. ತಿದ್ದಿ ಮೇಷ್ಟ್ರೇ, ಹುಡುಗರು ಓದುತ್ತಾರೆ ಎಂದು ಬಂತು. ತಿದ್ದಿದೆ.

ಮಾರ್ಚ್ 9, ಭಾನುವಾರ

ಸಮಾರಂಭ ಮುಗಿಯಿತು. ಭಾಷಣಗಳು ಉದ್ದವಾದವು, ನನ್ನದೂ. ಆನಂದಪ್ಪ ಮುಂದಿನ ಸಾಲಿನಲ್ಲಿ ದುರ್ಗಮ್ಮನ ಪಕ್ಕ ಕೂತಿದ್ದರು. ಟವೆಲ್ಲು ತಂದಿರಲಿಲ್ಲ. ಹಳೆಯ ಹುಡುಗರು ಬಂದು ಕಾಲು ಮುಟ್ಟಿದಾಗ ನಡುಗುವ ಕೈಯನ್ನೇ ಅವರ ತಲೆಯ ಮೇಲಿಟ್ಟರು.

ರಾತ್ರಿ ಶ್ರೀರಂಜಿನಿ ಕರಾರಿನಂತೆ ಎಲ್ಲ ಬಾಗಿಲುಗಳನ್ನೂ ತೆರೆದಳು. ಫೋನ್ ವಾಪಸ್ ಕೊಟ್ಟಳು. ಮೇಜಿನ ಖಾನೆಯಲ್ಲಿಟ್ಟು ಮಲಗಿದೆ.

ಮಾರ್ಚ್ 13, ಗುರುವಾರ

ಇವತ್ತು ಗ್ರೂಪು ತೆರೆದೆ. ನಾನಿಲ್ಲದೆ ಲೋಕವೇನೂ ಮುಳುಗಿರಲಿಲ್ಲ. ಒನಕೆ ಇನ್ನೂ ನಿಂತೇ ಇದೆ.

ಮಧ್ಯಾಹ್ನ ಹಳೆಯ ವಿದ್ಯಾರ್ಥಿನಿ ತೃಪ್ತಿ ಒಂದು ಮೆಸೇಜು ಹಾಕಿದಳು. ಶಿರಾಳಕೊಪ್ಪದಲ್ಲಿ ಅವಳ ತಂದೆಯ ಟೈಲರ್ ಅಂಗಡಿಯಿದೆ, ನಾನು ಮೇಷ್ಟ್ರಾಗಿದ್ದಾಗಿನ ಪ್ಯಾಂಟುಗಳೆಲ್ಲ ಅವರೇ ಹೊಲಿದದ್ದು. ನೋಡಿದರೆ ಅದೇ ಹುಣಸೆ ಚಿಗುರು, ಅದೇ ಖಾಲಿ ಹೊಟ್ಟೆ, ಅದೇ ನರಗಳ ನಡುಕ. ಬೆರಳು ತಾನಾಗಿ ಓಡಿತು: ಇದು ಶುದ್ಧ ಸುಳ್ಳು, ಓದಿದ ಹುಡುಗಿಯಾಗಿ ನೀನೂ. ಅಲ್ಲಿಗೆ ನಿಂತೆ. ಅಳಿಸಿದೆ. ಗ್ರೂಪಿನಿಂದ ಹೊರಬಂದು ಅವಳೊಬ್ಬಳಿಗೇ ಬರೆದೆ: ಯಾರಿಗಮ್ಮ ಕೈ ನಡುಗುತ್ತಿರುವುದು?

ಅಷ್ಟರಲ್ಲಿ ಹಿತ್ತಿಲಿನಿಂದ ನರ್ಮದಾ ಕರೆದಳು. ಫೋನ್ ಅಲ್ಲೇ ಬಿಟ್ಟು ಹೋದೆ. ಬಟ್ಟೆ ಹಿಂಡಲು ಇನ್ನೂ ಅವಳ ಕೈಗೆ ಆಗುವುದಿಲ್ಲ. ಇಬ್ಬರೂ ಒಂದೊಂದು ತುದಿ ಹಿಡಿದು ಹಿಂಡಿ ಹರವಿ ಬಂದೆವು. ಬರುವಷ್ಟರಲ್ಲಿ ಉತ್ತರ ಬಂದಿತ್ತು.

"ಅಪ್ಪನಿಗೆ ಸರ್. ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ. ಯಾರಿಗೂ ಹೇಳಬೇಡ ಅಂದಿದ್ದಾರೆ."